ಸಂಘದ ಹಾಲ್ ಕೊಡೋಣವೇ, ಬೇಡವೇ? ಭಾನುವಾರದ ಮೀಟಿಂಗಿಗೆ ಮೊದಲು ಇಲ್ಲೇ ಮಾತಾಡಿಬಿಡೋಣ

ಮಾಟುಂಗದ ಮಳೆ
ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳುತ್ತೇನೆ. ಮನೆಯಿಲ್ಲದವರ ಜೊತೆ ಕೆಲಸ ಮಾಡುವ ಒಂದು ಸಂಸ್ಥೆ ಮುಂಬಯಿಯ ನಮ್ಮ ಕನ್ನಡ ಸಂಘದ ಕೆಳಗಿನ ಹಾಲ್ ಕೇಳಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ, ನಾಲ್ಕು ತಿಂಗಳು. ಫುಟ್‌ಪಾತಿನಲ್ಲಿರುವ 30 ಹೆಂಗಸರು ಮತ್ತು ಅವರ ಚಿಕ್ಕ ಮಕ್ಕಳಿಗೆ. ಊಟ, ಚಾಪೆ, ರಾತ್ರಿ ಕಾವಲು, ಕ್ಲೀನಿಂಗ್ ಎಲ್ಲ ಅವರದೇ. ಕರೆಂಟ್ ಬಿಲ್ಲೂ ಕಟ್ಟುತ್ತಾರಂತೆ. ಬಾಡಿಗೆ ಮಾತ್ರ ಆಗುವುದಿಲ್ಲ ಅಂದಿದ್ದಾರೆ.

ಕಳೆದ ಮಳೆಗಾಲದಲ್ಲಿ ನಾನು ಅವರ ಜೊತೆ ಆರು ರಾತ್ರಿ ಸುತ್ತಿದ್ದೇನೆ. ಒಂದು ರಾತ್ರಿ, ಸುಮಾರು ಎರಡು ಗಂಟೆ ಇರಬಹುದು, ಫ್ಲೈಓವರ್ ಕೆಳಗೆ ಒಬ್ಬ ಹೆಂಗಸು ನಿಂತೇ ಇದ್ದಳು. ಮಗು ಕೈಗಾಡಿಯ ಮೇಲೆ ನೀಲಿ ತಾಡಪತ್ರಿಯ ಅಡಿ ಮಲಗಿತ್ತು. ಯಾಕಮ್ಮಾ ನಿಂತಿದ್ದೀಯ ಅಂದೆ. ಕೂರುವ ಜಾಗವೆಲ್ಲ ಒದ್ದೆ ಅಂದಳು. ಮಾತಾಡುತ್ತಾ ಕೊರಳಲ್ಲಿ ನೇತುಹಾಕಿಕೊಂಡ ಗಂಟು ಬಿಚ್ಚಿ ತೋರಿಸಿದಳು. ಮೂರು ಹಾಲಿನ ತೊಟ್ಟೆ, ಒಂದರೊಳಗೆ ಒಂದು. ಒಳಗೆ ಮಗುವಿನ ಬರ್ತ್ ಸರ್ಟಿಫಿಕೇಟು. ಅದು ಒದ್ದೆಯಾಗದಂತೆ ಮಲಗುವುದು ಹೇಗೆ ಅಂತ ಗೊತ್ತಾಗದೆ ನಿಂತಿದ್ದಳು.

ನನ್ನ ಮತ ಕೊಡೋಣ ಅಂತ. ನಿಮ್ಮದು ಹೇಳಿ.

ಕಲ್ಯಾಣ್ ಸ್ಲೋ
ಅಕ್ಕ, ಕಥೆ ಓದಿ ಮನಸ್ಸು ಕರಗಿತು. ಆದರೂ ನನ್ನ ಮತ ಬೇಡ ಅಂತಲೇ.

ತಾತ್ಕಾಲಿಕ ಅನ್ನುವ ಶಬ್ದವನ್ನು ಈ ಊರಲ್ಲಿ ಯಾರೂ ನಂಬಬಾರದು. ಸರ್ಕಾರಿ ವಸತಿ ಮಂಡಳಿ ಮ್ಹಾಡಾದ ಟ್ರಾನ್ಸಿಟ್ ಕ್ಯಾಂಪ್ ನೋಡಿದ್ದೀರಲ್ಲ? ಹಳೆ ಕಟ್ಟಡ ರಿಪೇರಿ ಆಗುವ ತನಕ ಸ್ವಲ್ಪ ದಿನ ಇರಿ ಅಂತ ಕಳಿಸಿದ್ದು. ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾದವರಿದ್ದಾರೆ. ಅಕ್ಟೋಬರ್ ಒಂದನೇ ತಾರೀಕು ಆ ತಾಯಿ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತರೆ, ಹೊರಗೆ ಹೋಗಿ ಅಂತ ಹೇಳುವವರು ಯಾರು? ನೀವು ಹೇಳುತ್ತೀರಾ? ನಾನಂತೂ ಹೇಳಲಾರೆ. ಹೇಳಲು ಆಗದಿದ್ದ ಮೇಲೆ ಕೊಡುವುದೂ ಬೇಡ.

ಇನ್ನು ಆಗಸ್ಟಿನ ತಾಳಮದ್ದಳೆ, ಗಣೇಶನ ಹಬ್ಬ, ಎರಡು ಸೀಮಂತದ ಬುಕಿಂಗ್. ಅದನ್ನೂ ಯಾರಾದರೂ ನೆನಪು ಮಾಡಬೇಕಲ್ವಾ.

ಗಲ್ಲಾಪೆಟ್ಟಿಗೆ
ಮಾರಾಯ್ರೆ, ತಾಳಮದ್ದಳೆ ಮೇಲಿನ ಹಾಲಿನಲ್ಲಿ ಮಾಡಿದರೆ ಭಾಗವತರಿಗೇನು ಶ್ರುತಿ ತಪ್ಪುತ್ತದಾ?

ನಾನು ಕುಂದಾಪುರದಿಂದ ಬಂದದ್ದು 14ನೇ ವಯಸ್ಸಿಗೆ. ಫೋರ್ಟಿನಲ್ಲಿ ಹೋಟೆಲ್ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಗಿರಾಕಿಗಳೆಲ್ಲ ಹೋದ ಮೇಲೆ ಎರಡು ಮೇಜು ಸೇರಿಸಿ ಮಲಗುತ್ತಿದ್ದೆವು. ಎಣ್ಣೆ ಜಿಡ್ಡಿನ ಮೇಜು, ಮೇಲೆ ಹಳೆ ಪೇಪರ್. ಎಂಟು ವರ್ಷ ಹಾಗೇ. ನನಗೆ ಮನೆ ಎಲ್ಲಿತ್ತು? ಆದರೆ ನನ್ನನ್ನು ಯಾರೂ ಬೇಘರ್ ಅನ್ನಲಿಲ್ಲ. ಯಾಕೆ? ಮೇಲೊಂದು ಮಾಡು ಇತ್ತು. ಊರಿಂದ ಬರುವ ಕಾಗದಕ್ಕೆ ಹೋಟೆಲಿನ ವಿಳಾಸ ಇತ್ತು. ಟ್ರಂಕು ಇಡಲು ಅಟ್ಟ ಇತ್ತು. ಈ ಸಂಘದಲ್ಲಿ ಇವತ್ತು ಸೋಫಾದಲ್ಲಿ ಕೂರುವ ಅರ್ಧ ಜನ ಅದೇ ಮೇಜಿನ ಮೇಲೆ ಮಲಗಿ ಎದ್ದವರು.

ಹೆಬ್ಬಾಳ್ತಿ ನಾಕಾ
ಗಲ್ಲಾಪೆಟ್ಟಿಗೆ ಅಣ್ಣಾರ, ಬೇಜಾರಾಗಬ್ಯಾಡ್ರಿ, ಒಂದು ಮಾತು ಹೇಳುತ್ತೇನೆ. ನಿಮ್ಮ ಸೇಠ್ ನಿಮಗೆ ಮಲಗಲು ಬಿಟ್ಟದ್ದು ಧರ್ಮಕ್ಕಲ್ಲ. ಬೆಳಿಗ್ಗೆ ನಾಲ್ಕಕ್ಕೆ ಹಿಟ್ಟು ರುಬ್ಬುವವನು ಕೈಗೆ ಸಿಗಬೇಕಿತ್ತು. ಮತ್ತೆ ನೀವು ಅವರ ಊರಿನ ಹುಡುಗ.

ನಮ್ಮಪ್ಪ ಅದೇ ಕಾಲದಲ್ಲಿ ಕಲಬುರಗಿ ಕಡೆಯಿಂದ ಬಂದವರು. ಗೌಂಡಿ ಕೆಲಸ. ಅವರೂ ಕನ್ನಡಿಗರೇ. ಅವರಿಗೆ ಯಾವ ಹೋಟೆಲಿನ ಮೇಜೂ ಸಿಗಲಿಲ್ಲ. ಊರಿನ ಗುರುತು, ಜಾತಿಯ ಗುರುತು ಎರಡೂ ಇರಲಿಲ್ಲ ನೋಡಿ. ಬಿಲ್ಡಿಂಗ್ ಕಟ್ಟುವ ತನಕ ಅದೇ ಬಿಲ್ಡಿಂಗಿನಲ್ಲಿ ಮಲಗುವುದು. ಗೃಹಪ್ರವೇಶ ಆದ ದಿನ ಫುಟ್‌ಪಾತು. ನಾನು ಹುಟ್ಟಿದ ಕಟ್ಟಡದ ಇವತ್ತಿನ ರೇಟು ಕೇಳಿದರೆ ನಗು ಬರುತ್ತದೆ.

ಆದ್ದರಿಂದ 'ನಾವೂ ಹಾಗೇ ಬಂದೆವು' ಅನ್ನುವ ಲೆಕ್ಕದಲ್ಲಿ ಹಾಲ್ ಕೊಡಬೇಡಿ. ಕೊಡುವುದಾದರೆ ಸುಮ್ನೆ ಕೊಡಿ.

ಗಲ್ಲಾಪೆಟ್ಟಿಗೆ
ಒಪ್ಪಿದೆ. ಆ ಮಾತು ತಾಗಿತು.

ಕಪ್ಪುಕೋಟು
ಕಲ್ಯಾಣ್ ಸ್ಲೋ ಸರ್ ಕೇಳಿದ ಪ್ರಶ್ನೆ ಹಳೆಯದು. 1981ರ ಜುಲೈಯಲ್ಲಿ ಇದೇ ಊರಲ್ಲಿ, ಜೋರು ಮಳೆಯಲ್ಲಿ, ಫುಟ್‌ಪಾತಿನವರನ್ನು ಎಬ್ಬಿಸಿ ಬಸ್ಸಿಗೆ ಹತ್ತಿಸಿ ಊರ ಹೊರಗೆ ಕಳಿಸಿದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 1985ರಲ್ಲಿ ತೀರ್ಪು ಬಂತು. ಓಲ್ಗಾ ಟೆಲ್ಲಿಸ್ ಕೇಸು ಅಂತ ಕೇಳಿರುತ್ತೀರಿ. ಬದುಕುವ ಹಕ್ಕಿನೊಳಗೆ ದುಡಿದು ತಿನ್ನುವ ಹಕ್ಕೂ ಸೇರಿದೆ ಅಂತ ಕೋರ್ಟು ಹೇಳಿತು. ಎಲ್ಲರೂ ಅಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅದೇ ತೀರ್ಪು, ನೋಟಿಸ್ ಕೊಟ್ಟು ಎಬ್ಬಿಸಬಹುದು ಅಂತಲೂ ಹೇಳಿತು. ಮಳೆ ಮುಗಿಯಲಿ, ಅಕ್ಟೋಬರ್ 31ರ ತನಕ ಮುಟ್ಟಬೇಡಿ ಅಂತ ತಾರೀಕೂ ಕೊಟ್ಟಿತು. ಅಂದರೆ ಮಳೆಗಾಲದ ನಾಲ್ಕು ತಿಂಗಳ ಕರುಣೆ ನಮಗೆ ಹೊಸದೇನಲ್ಲ. ನವೆಂಬರಿನಲ್ಲಿ ಎಲ್ಲರೂ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಆಗಲೂ ಪೂರ್ತಿ ಉತ್ತರ ಸಿಗಲಿಲ್ಲ.

ಈಗಿನ ನಿಯಮ ಕೇಳಿ. ಆಹಾರದ ಹಕ್ಕಿನ ಕೇಸಿನಲ್ಲಿ ಬಂದ ಆದೇಶಗಳ ಪ್ರಕಾರ ಲಕ್ಷ ಜನಸಂಖ್ಯೆಗೆ 100 ಜನರ ಒಂದು ಶೆಲ್ಟರ್ ಇರಬೇಕು. ಮಳೆಗಾಲಕ್ಕೆ, ಚಳಿಗಾಲಕ್ಕೆ ಮಾತ್ರ ಅಲ್ಲ, ವರ್ಷವಿಡೀ, 24 ಗಂಟೆ. 2011ರ ಜನಗಣತಿಯಲ್ಲಿ ಮುಂಬಯಿ ಸುಮಾರು 1.24 ಕೋಟಿ. ಲೆಕ್ಕಕ್ಕೆ 124 ಶೆಲ್ಟರ್ ಆಯಿತು. ಪಾಲಿಕೆ ಅದರ ಹತ್ತಿರಕ್ಕೂ ಬಂದಿಲ್ಲ. ಇನ್ನೊಂದು ತಮಾಷೆ ನೋಡಿ. ಅದೇ ಜನಗಣತಿಯವರು ಫೆಬ್ರವರಿ 28ರ ರಾತ್ರಿ ಬೀದಿ ಸುತ್ತಿ ಎಣಿಸಿದಾಗ ಈ ಊರಲ್ಲಿ ಮನೆಯಿಲ್ಲದವರು 57 ಸಾವಿರಕ್ಕೂ ಜಾಸ್ತಿ. 124 ಶೆಲ್ಟರ್ ಪೂರ್ತಿ ಕಟ್ಟಿದರೂ ಐದರಲ್ಲಿ ಒಬ್ಬರಿಗೆ ಜಾಗ.

ಕಲ್ಯಾಣ್ ಸ್ಲೋ
ನೋಡಿ, ವಕೀಲರೇ ನನ್ನ ಪರ ವಾದ ಮಾಡಿದರು! ಇದು ಪಾಲಿಕೆಯ ಕೆಲಸ. ನಾವು ಹಾಲ್ ಕೊಟ್ಟರೆ ಪಾಲಿಕೆಗೆ ಆರಾಮ. ಸಂಸ್ಥೆಗಳು ಮಾಡುತ್ತಿವೆಯಲ್ಲ ಅಂತ ಕೈಕಟ್ಟಿ ಕೂರುತ್ತಾರೆ.

ಮತ್ತೆ ಒಂದು ಮಾತು, ಯಾರೂ ಬೈಯಬೇಡಿ. ನಮ್ಮ ಸ್ಟೇಷನ್ ಹೊರಗಿರುವವರಲ್ಲಿ ಅರ್ಧ ಜನ ಗರ್ದುಲ್ಲಾಗಳು, ಅಂದರೆ ನಶೆಯವರು, ಉಳಿದವರು ಭಿಕ್ಷೆಯವರು. ಹೆಂಗಸರು, ಮಕ್ಕಳು ಅನ್ನುತ್ತೀರಿ. ಹಿಂದೆಯೇ ಇನ್ಯಾರು ಬರುತ್ತಾರೆ?

ಹೆಬ್ಬಾಳ್ತಿ ನಾಕಾ
ಬೈಯುವುದಿಲ್ಲ ಸರ್. ಬೆಳಿಗ್ಗೆ ಐದೂವರೆಗೆ ಒಂದು ದಿನ ಬನ್ನಿ, ತೋರಿಸುತ್ತೇನೆ. ಹೂ ಕಟ್ಟುವವರು, ಮದುವೆ ಕೇಟರಿಂಗಿನಲ್ಲಿ ಪಾತ್ರೆ ತೊಳೆಯುವವರು, ಕಸದಿಂದ ಪ್ಲಾಸ್ಟಿಕ್ ಆರಿಸುವವರು, ನಾಕಾದಲ್ಲಿ, ಅಂದರೆ ರಸ್ತೆ ಕೂಡುವಲ್ಲಿ, ದಿನಗೂಲಿಗೆ ಕಾಯುವವರು. ನೀವು ಅವರನ್ನು ನೋಡುವುದು ರಾತ್ರಿ ಹನ್ನೊಂದಕ್ಕೆ, ಮಲಗಿರುವಾಗ. ಮಲಗಿದವರು ಕೆಲಸ ಮಾಡುವವರ ಹಾಗೆ ಕಾಣುವುದಿಲ್ಲ. ನಶೆಯವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆ ಹೆಂಗಸರು ರಾತ್ರಿಯೆಲ್ಲ ಹೆದರುವುದು ಅವರಿಗೇ.

2002ರಲ್ಲಿ ಬಾಂದ್ರಾದ ಬೇಕರಿ ಮುಂದೆ ಮಲಗಿದ್ದವರ ಮೇಲೆ ಕಾರು ಹತ್ತಿತಲ್ಲ, ಒಬ್ಬರು ಸತ್ತರು, ನಾಲ್ವರಿಗೆ ಗಾಯವಾಯಿತು. ಅವರೂ ದುಡಿದು ಬಂದು ಮಲಗಿದವರೇ.

ಕಪ್ಪುಕೋಟು
ಭಿಕ್ಷೆಯ ವಿಷಯಕ್ಕೆ ಒಂದು ಸಾಲು ಸೇರಿಸುತ್ತೇನೆ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯಲ್ಲಿ ವಾರಂಟ್ ಇಲ್ಲದೆ ಹಿಡಿಯಬಹುದು. ಮೊದಲ ಸಲವೇ ಒಂದರಿಂದ ಮೂರು ವರ್ಷ ಒಳಗಿಡಬಹುದು. ಬದುಕಲು ದಾರಿ ಕಾಣದೆ ಬೀದಿಯಲ್ಲಿ ಅಲೆಯುವವರೂ ಅದರ ಅರ್ಥದಲ್ಲಿ ಭಿಕ್ಷುಕರೇ. ದೆಹಲಿ ಹೈಕೋರ್ಟ್ 2018ರಲ್ಲಿ ಅದರ ಮುಖ್ಯ ಸೆಕ್ಷನ್‌ಗಳನ್ನು ದೆಹಲಿಯ ಮಟ್ಟಿಗೆ ತೆಗೆದುಹಾಕಿತು. ಕೆಲಸದವಳು ಅಂತ ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇಲ್ಲದವಳು ವ್ಯಾನ್ ಕಂಡರೆ ಓಡದೆ ಏನು ಮಾಡುತ್ತಾಳೆ?

ನೈಟ್ ಡ್ಯೂಟಿ ಸಿಸ್ಟರ್
ಡ್ಯೂಟಿ ಮುಗಿಸಿ ಈಗ ಓದಿದೆ. ಪರೇಲ್ ಕಡೆ ಬಂದಿದ್ದೀರಾ ಯಾರಾದರೂ? ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಹೊರಗಿನ ಫುಟ್‌ಪಾತಿನಲ್ಲಿ ಮಲಗುವವರಲ್ಲಿ ನಮ್ಮ ವಿಜಯಪುರ, ಬೆಳಗಾವಿ ಕಡೆಯವರೂ ಸಿಗುತ್ತಾರೆ. ಊರಲ್ಲಿ ಮನೆ ಇದೆ, ಹೊಲ ಇದೆ. ಇಲ್ಲಿ ಕಿಮೋ ಮುಗಿಯುವ ತನಕ ಏನೂ ಇಲ್ಲ. ತಾತ್ಕಾಲಿಕ ಅಂದರೆ ನನಗೆ ಇವರೇ ನೆನಪಾಗುತ್ತಾರೆ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ ಎಷ್ಟೋ ವರ್ಷಗಳಿಂದ ಇಂಥವರನ್ನು ಇಟ್ಟುಕೊಂಡಿದೆ. ಕ್ಯಾನ್ಸರ್ ಬಂದ ಮಕ್ಕಳಿಗೆ, ಅವರ ಅಪ್ಪ ಅಮ್ಮನಿಗೆ ಸೇಂಟ್ ಜೂಡ್ ಸಂಸ್ಥೆಯವರು 2006ರಿಂದ ಜಾಗ ಕೊಡುತ್ತಿದ್ದಾರೆ. ಟ್ರೀಟ್‌ಮೆಂಟ್ ಮುಗಿದ ಮೇಲೆ ಅವರು ಊರಿಗೆ ಹೋಗುತ್ತಾರೆ, ಸರ್. ಯಾರೂ ಅಲ್ಲೇ ಕೂರುವುದಿಲ್ಲ. ಹೋಗಲು ಒಂದು ಜಾಗ ಇದ್ದರೆ ಜನ ಹೋಗುತ್ತಾರೆ.

ಆದ್ದರಿಂದ ಆ ಸಂಸ್ಥೆಯವರನ್ನು ಚಾಪೆ ಎಷ್ಟು ತರುತ್ತೀರಿ ಅಂತ ಕೇಳಬೇಡಿ. ನಾಲ್ಕು ತಿಂಗಳಲ್ಲಿ ಏನೇನು ಮಾಡಿಸಿಕೊಡುತ್ತೀರಿ ಅಂತ ಕೇಳಿ.

ಮಾಟುಂಗದ ಮಳೆ
ಕೇಳಿದ್ದೇನೆ ಸಿಸ್ಟರ್. ಆಧಾರ್, ಬ್ಯಾಂಕ್ ಖಾತೆ, ಮಕ್ಕಳನ್ನು ಮುನಿಸಿಪಲ್ ಶಾಲೆಗೆ ಸೇರಿಸುವುದು, ಟಿಬಿ ಇದ್ದವರಿಗೆ ಔಷಧಿ. ಮಾನಸಿಕ ಕಾಯಿಲೆ ಇದ್ದವರನ್ನು ಕರ್ಜತಿನ ಶ್ರದ್ಧಾ ಪುನರ್ವಸತಿ ಕೇಂದ್ರದಂಥ ಕಡೆಗೆ ಕಳಿಸಲು ನೋಡುತ್ತಾರೆ. ಅಲ್ಲಿ ಚಿಕಿತ್ಸೆ ಕೊಟ್ಟು ಮನೆಯವರನ್ನು ಹುಡುಕಿ ಊರಿಗೆ ಮುಟ್ಟಿಸುತ್ತಾರಲ್ಲ. ಅದನ್ನು ಕಟ್ಟಿದ ಡಾ. ಭರತ್ ವಟವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ನೆನಪಿರಬಹುದು.

ಗಲ್ಲಾಪೆಟ್ಟಿಗೆ
ಮ್ಯಾಗ್ಸೆಸೆ ಅಂದಾಗ ನೆನಪಾಯಿತು. ಕೊಳೆಗೇರಿಯವರ ಹಕ್ಕಿಗೆ ಹೋರಾಡಿದ ಜೋಕಿನ್ ಅರ್ಪುತಂ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು. 2000ದಲ್ಲಿ ಅವರಿಗೂ ಬಂದಿತ್ತು. ಭೈಖಳಾದ ಫುಟ್‌ಪಾತಿನ ಹೆಂಗಸರೇ ಸೇರಿ ಕಟ್ಟಿದ ಮಹಿಳಾ ಮಿಲನ್ ಜೊತೆ ಕೆಲಸ ಮಾಡಿದವರು. ಆ ಹೆಂಗಸರು ದಿನಾ ಒಂದು ರೂಪಾಯಿ, ಎರಡು ರೂಪಾಯಿ ಅಂತ ಉಳಿತಾಯ ಮಾಡುತ್ತಿದ್ದರು. ನಮ್ಮ ಸಂಘದ ಗೋಡೆಯಲ್ಲಿ ಇಷ್ಟು ಫೋಟೋ ಇವೆ, ಅವರದ್ದಿಲ್ಲ. ಇರಲಿ, ಅದು ಬೇರೆ ಜಗಳ.

ನನ್ನ ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಏನಿದೆ ಗೊತ್ತಾ? ಹನ್ನೊಂದು ಜನರ ಆಧಾರ್ ಕಾರ್ಡು. ಹೋಟೆಲ್ ಎದುರು ಮಲಗುವವರದು. ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ. ರಾತ್ರಿ ಕೊಡುತ್ತಾರೆ, ಬೇಕಾದ ದಿನ ಕೇಳುತ್ತಾರೆ. ಹಾಸಿಗೆ ಕೊಡಿ ಅಂತ ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ಇದನ್ನು ಇಟ್ಟುಕೊಳ್ಳಿ ಅಂತ ಕೇಳಿದ್ದಾರೆ.

ಹೆಬ್ಬಾಳ್ತಿ ನಾಕಾ
ಅದೇ ಮುಖ್ಯ ಅಣ್ಣಾರ. ನಮ್ಮವ್ವ ಒಂದು ಶೆಲ್ಟರಿನಲ್ಲಿ ಮೂರೇ ರಾತ್ರಿ ಇದ್ದು ವಾಪಸ್ ಫುಟ್‌ಪಾತಿಗೆ ಬಂದಳು. ಯಾಕೆಂದರೆ ಬೆಳಿಗ್ಗೆ ಏಳಕ್ಕೆ ಗಂಟುಮೂಟೆ ಸಮೇತ ಹೊರಗೆ ಕಳಿಸುತ್ತಿದ್ದರು. ಆ ಗಂಟು ಹೊತ್ತು ನಾಕಾದಲ್ಲಿ ನಿಂತರೆ ಯಾವ ಮುಕಾದಮ್ ಕೂಲಿಗೆ ಕರೀತಾನೆ? ನಾನು ಆಗ ಹದಿಮೂರು. ಗಂಡು ಹುಡುಗ ಅಂತ ನನ್ನನ್ನು ಒಳಗೇ ಬಿಡಲಿಲ್ಲ. ಅವಳು ಒಳಗೆ, ನಾನು ಗೇಟಿನ ಹೊರಗೆ. ಮೂರನೇ ರಾತ್ರಿ ಅವಳೇ ಹೊರಗೆ ಬಂದಳು.

ಹಾಲ್ ಕೊಡುವುದಾದರೆ ಎರಡು ಷರತ್ತು ಹಾಕಿ. ಬೀಗ ಇರುವ ಕಪಾಟು ಪ್ರತಿಯೊಬ್ಬರಿಗೂ. ಹಗಲಲ್ಲೂ ಬಾಗಿಲು ತೆರೆದಿರಬೇಕು. ರಾತ್ರಿ ಕೇಟರಿಂಗ್ ಕೆಲಸ ಮಾಡುವವಳು ಮಲಗುವುದೇ ಹಗಲು.

ಕಪ್ಪುಕೋಟು
ನಾನೂ ಒಂದು ಷರತ್ತು ಹಾಕುತ್ತೇನೆ, ಮಳೆ ಮೇಡಂಗೆ ಇಷ್ಟವಾಗಲಿಕ್ಕಿಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಕನಿಷ್ಠ 50 ಚದರ ಅಡಿ. ನಮ್ಮ ಹಾಲ್ 1,400. ಅಂದರೆ ಮಕ್ಕಳೂ ಸೇರಿ 28 ಜನ. '30 ಹೆಂಗಸರು ಮತ್ತು ಮಕ್ಕಳು' ಅಂದರೆ ಐವತ್ತು ದಾಟುತ್ತದೆ. ಎರಡೇ ಬಾತ್‌ರೂಮು. ಮೊದಲ ವಾರವೇ ಜಗಳವಾಗುತ್ತದೆ, ಆಮೇಲೆ 'ನೋಡಿ, ಇವರು ಇಷ್ಟೇ' ಅಂತ ನಮ್ಮವರೇ ಹೇಳುತ್ತಾರೆ.

ನೈಟ್ ಡ್ಯೂಟಿ ಸಿಸ್ಟರ್
28 ಅಂದರೆ ಉಳಿದವರಿಗೆ ಬೇಡ ಅಂತ ಹೇಳುವುದು ಯಾರು? ಇದೂ ಕಲ್ಯಾಣ್ ಸ್ಲೋ ಸರ್ ಪ್ರಶ್ನೆಯೇ ಆಯಿತು. ಅಕ್ಟೋಬರಿನ ಬದಲು ಜೂನ್‌ನಲ್ಲೇ ಬಂತು ಅಷ್ಟೇ.

ಮಾಟುಂಗದ ಮಳೆ
ಇಷ್ಟವಾಗಲಿಲ್ಲ, ಆದರೆ ಒಪ್ಪುತ್ತೇನೆ. ಬಸುರಿಯರು, ಬಾಣಂತಿಯರು, ಐದು ವರ್ಷದೊಳಗಿನ ಮಕ್ಕಳ ತಾಯಂದಿರು ಮೊದಲು. ದೊಡ್ಡ ಗಂಡುಮಕ್ಕಳಿಗೆ ವೇದಿಕೆಯ ಭಾಗವನ್ನು ಪರದೆ ಹಾಕಿ ಬೇರೆ ಮಾಡಬಹುದಾ ಅಂತ ಕೇಳಿ ಬರುತ್ತೇನೆ.

ಕಪ್ಪುಕೋಟು
ಇನ್ನೊಂದು ಕೆಲಸ ಹಾಲ್ ಇಲ್ಲದೆಯೂ ಮಾಡಬಹುದು. ಮನೆಯಿಲ್ಲದವರಿಗೂ ವೋಟರ್ ಕಾರ್ಡ್ ಸಿಗುತ್ತದೆ, ವಿಳಾಸದ ಪ್ರೂಫ್ ಬೇಡ. ಫಾರ್ಮ್ 6ರಲ್ಲಿ ಮಲಗುವ ಜಾಗ ಬರೆದರೆ ಬೂತ್ ಅಧಿಕಾರಿ ರಾತ್ರಿ ಬಂದು ಅಲ್ಲೇ ಮಲಗುತ್ತಾರಾ ಅಂತ ನೋಡಬೇಕು. ಫಾರ್ಮ್ ತುಂಬಲು ನಾಲ್ಕು ಜನ ಬೇಕು. ನಾನು ಶನಿವಾರ ಬರುತ್ತೇನೆ.

ಗಲ್ಲಾಪೆಟ್ಟಿಗೆ
ನಾನೂ ಬರುತ್ತೇನೆ. ಹನ್ನೊಂದು ಜನ ಹೇಗೂ ನನ್ನ ಡ್ರಾಯರಿನಲ್ಲೇ ಇದ್ದಾರೆ. ಮತ್ತೆ ಕಪಾಟಿನ ವಿಷಯ. ಹೋಟೆಲ್ ಹುಡುಗರ ಹಳೆ ಕಬ್ಬಿಣದ ಲಾಕರ್ ಎರಡು ಸೆಟ್ ಗೋಡೌನಿನಲ್ಲಿ ಬಿದ್ದಿವೆ. ಒಟ್ಟು 24 ಖಾನೆ. ತುಕ್ಕು ಹಿಡಿದಿದೆ, ಬಣ್ಣ ಹೊಡೆಸಬೇಕು.

ಕಲ್ಯಾಣ್ ಸ್ಲೋ
ನನ್ನ ವಿರೋಧ ಮಿನಿಟ್ಸ್‌ನಲ್ಲಿ ಬರೆದುಕೊಳ್ಳಿ. ಅಕ್ಟೋಬರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆ ಸಂಸ್ಥೆಯವರು ಭಾನುವಾರ ಬಂದು ಪ್ರತಿ ಹೆಂಗಸಿನ ಹೆಸರಿನ ಮುಂದೆ, ಮಳೆ ನಿಂತ ಮೇಲೆ ಎಲ್ಲಿಗೆ ಅಂತ ಬರೆದ ಕಾಗದ ಕೊಡಲಿ. ಕೊಟ್ಟರೆ ನೋಡೋಣ.

ಹಾಂ, ಎಡಗಡೆ ಬಾತ್‌ರೂಮಿನ ನಲ್ಲಿ ಹೋಳಿಯಿಂದ ಸೋರುತ್ತಿದೆ. ಎರಡು ಸಲ ಹೇಳಿದ್ದೇನೆ. ಪ್ಲಂಬರ್ ಸಿಗದಿದ್ದರೆ ನಮ್ಮ ಸೊಸೈಟಿಯವನನ್ನು ಶನಿವಾರ ಕಳಿಸುತ್ತೇನೆ, ಕೀಲಿ ಯಾರ ಹತ್ತಿರ ಇದೆ?