ಸಹಾಯ ಬೇಕು: ಮುಸುರೆಯ ಗೊಬ್ಬರ ಗ್ಯಾಸ್ ಹತ್ತುತ್ತಿಲ್ಲ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಹತ್ತಿರ ಒಂದು ಹಾಸ್ಟೆಲ್‌ನ ಅಡುಗೆಮನೆ ನೋಡಿಕೊಳ್ಳುತ್ತೇನೆ. ಮಿಕ್ಕ ಅನ್ನ, ಸಾರು, ತರಕಾರಿ ಸಿಪ್ಪೆ ಚರಂಡಿ ಸೇರಬಾರದು ಅಂತ ಬೇಸಿಗೆಯಲ್ಲಿ ತೇಲುವ ಡ್ರಮ್ಮಿನ ಗೊಬ್ಬರ ಗ್ಯಾಸ್ ಹಾಕಿಸಿದೆವು. ಸಗಣಿ ತುಂಬಿ ಶುರು ಮಾಡಿದಾಗ ಒಳ್ಳೆ ನೀಲಿ ಉರಿ ಬರುತ್ತಿತ್ತು. ಬೆಳಗಿನ ಹಾಲು, ಟೀ ಎಲ್ಲ ಅದರಲ್ಲೇ ಆಗುತ್ತಿತ್ತು.

ಚಳಿ ಶುರುವಾದ ಮೇಲೆ ಗ್ಯಾಸ್ ತುಂಬಿ ಡ್ರಮ್ ಏಳುತ್ತದೆ, ಆದರೆ ಆ ಗ್ಯಾಸ್ ಹತ್ತುವುದಿಲ್ಲ. ಬರ್ನರ್ ಹತ್ತಿರ ಕಡ್ಡಿ ಹಿಡಿದರೆ ಕಡ್ಡಿಯೇ ಆರಿಹೋಗುತ್ತದೆ. ಹೊರಗೆ ಬರುವ ಬಗ್ಗಡ ಹುಳಿ ನಾತ ಹೊಡೆಯುತ್ತಿದೆ. ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿದರೆ 5.5 ತೋರಿಸುತ್ತದೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). 7ರ ಆಸುಪಾಸು ಇರಬೇಕು, ಅಲ್ವಾ? ಅನ್ನ ಬೇಗ ಕೊಳೆತು ಹುಳಿಯಾಗುತ್ತದೆ. ಆ ಹುಳಿಯನ್ನು ಮೀಥೇನ್ (ಉರಿಯುವ ಗ್ಯಾಸ್) ಮಾಡುವ ಸೂಕ್ಷ್ಮಜೀವಿಗಳು ಮೊದಲೇ ನಿಧಾನ, ಚಳಿಯಲ್ಲಿ ಇನ್ನೂ ನಿಧಾನ. ಹಾಗಾಗಿ ಈಗ ಬರುತ್ತಿರುವುದರಲ್ಲಿ ಉರಿಯದ ಕಾರ್ಬನ್ ಡೈಆಕ್ಸೈಡೇ ಜಾಸ್ತಿ ಅಂತ ನನ್ನ ಅಂದಾಜು. ಸದ್ಯ ಮುಸುರೆ ನಿಲ್ಲಿಸಿ ಸಗಣಿ ನೀರು ಮಾತ್ರ ಹಾಕುತ್ತಿದ್ದೇವೆ.

ಸುಣ್ಣದ ತಿಳಿ ಹಾಕಬಹುದಾ? ಹಾಕಿದರೆ ಎಷ್ಟೆಷ್ಟು, ಎಷ್ಟು ದಿನಕ್ಕೊಮ್ಮೆ? ಕೆಲವರು ಪೂರ್ತಿ ಖಾಲಿ ಮಾಡಿ ಅನ್ನುತ್ತಾರೆ. ಅದಕ್ಕೆ ನನಗೆ ಮನಸ್ಸಿಲ್ಲ, ಮತ್ತೆ ಮೊದಲಿಂದ ವಾರಗಟ್ಟಲೆ ಕಾಯಬೇಕು. ಪಕ್ಕದ ತೋಟದವರು ಪಲ್ಪರ್‌ನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕಾಫಿ ಸಿಪ್ಪೆ ಕೊಡುತ್ತೇವೆ ಅಂದಿದ್ದಾರೆ. ಅದೂ ಹುಳಿಯೇ ಆದ್ದರಿಂದ ಈಗಲೇ ಬೇಡ ಅಂದಿದ್ದೇನೆ. ಮುಂದೆ ಬೆರೆಸಬಹುದಾ? ಬೆರೆಸಿ ನೋಡಿದವರು ಹೇಳಿ.

ಮೂಡಿಗೆರೆ, ಬೇಲೂರು, ಹಾಸನದ ಕಡೆ ಯಾರದಾದರೂ ಘಟಕ ಚೆನ್ನಾಗಿ ಉರಿಯುತ್ತಿದ್ದರೆ, ಅದರ ಬಗ್ಗಡ ನಾಲ್ಕೈದು ಕ್ಯಾನ್ ಕೊಡುತ್ತೀರಾ? ಹೆಪ್ಪು ಹಾಕಿದ ಹಾಗೆ ಸೇರಿಸಿ ನೋಡಬೇಕು. ಗಾಡಿ, ಕ್ಯಾನ್ ನಾವೇ ತರುತ್ತೇವೆ.