ಊಜಿ ನೊಣ ಮನೆ ನೊಣಕ್ಕೆ ನೆಂಟನಾ?

ಕಡ್ಡಿಸೊಪ್ಪು: ನಮ್ಮದು ಕನಕಪುರದ ಕಡೆ. ರೇಷ್ಮೆ ಹುಳುಗಳು ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದು ಮೂರು ದಿನಕ್ಕೆ ಮೈಮೇಲೆ ಕಪ್ಪು ಚುಕ್ಕೆ. ಹಿಂದಿನ ಬಾಗಿಲ ನೈಲಾನ್ ಪರದೆ ಇಲಿ ಕಡಿದಿದ್ದು ನೋಡಿರಲಿಲ್ಲ, ಊಜಿ ನುಗ್ಗಿಬಿಟ್ಟಿದೆ. ನಾನು ಔಷಧಿ ಕೇಳ್ತಿಲ್ಲ. ಒಂದು ನೊಣ ಹಿಡಿದು ನೋಡಿದೆ, ಥೇಟ್ ಮನೆ ನೊಣದ ದೊಡ್ಡಣ್ಣ, ಬೆನ್ನ ಮೇಲೆ ಅದೇ ಪಟ್ಟೆ. ಸಗಣಿ ತಿಪ್ಪೆ ಬಿಟ್ಟು ಜೀವ ಇರೋ ಹುಳುವಿನೊಳಗೆ ಸಂಸಾರ ಹೂಡೋದು ಹೇಗೆ ಕಲಿತಿತು ಇದು? ನಮ್ಮಜ್ಜಿ ಬೇರೆ, ತಮ್ಮ ಕಾಲದಲ್ಲಿ ಈ ನೊಣಾನೇ ಇರಲಿಲ್ಲ ಅಂತಾರೆ.

ಹಳೇ ಮೇಷ್ಟ್ರು: ಅಜ್ಜಿ ಮಾತು ಸರಿ. ಬಂಗಾಳದಲ್ಲಿದ್ದ ಪೀಡೆ, ಕರ್ನಾಟಕಕ್ಕೆ ಬಂದಿದ್ದು 1980ರಲ್ಲಿ. ನೆಂಟಸ್ತಿಕೆಯೂ ಸರಿ. ನೊಣದ ಬಳಗದಲ್ಲೇ ಸೊಳ್ಳೆಯ ಮೀಸೆ ಉದ್ದ. ದನಕ್ಕೆ ಕಚ್ಚೋ ದೊಡ್ಡ ನೊಣ, ಮಾವಿನ ಹಣ್ಣು ನೊಣ, ಮನೆ ನೊಣ, ಊಜಿ, ಇವೆಲ್ಲ ಗಿಡ್ಡ ಮೀಸೆಯವು, ಬ್ರಾಕಿಸೆರಾ. ಅದರಲ್ಲಿ ಊಜಿಯ ಮನೆತನ ಟ್ಯಾಕಿನಿಡೆ. 8,000ಕ್ಕೂ ಮೇಲ್ಪಟ್ಟು ಜಾತಿ, ಎಲ್ಲಾ ಪರರ ಮೈಯೊಳಗೇ ಬೆಳೆಯೋವು.

ಕಲಿತಿದ್ದು ಹೇಗೆ ಅಂದರೆ, ತಿಪ್ಪೆ ಕೆದಕಿ ಮನೆ ನೊಣದ ಮರಿ ನೋಡಪ್ಪ. ತಲೆ ಸಗಣಿಯೊಳಗೆ, ಹಿಂಭಾಗ ಮೇಲಕ್ಕೆ. ಉಸಿರಾಟದ ದೊಡ್ಡ ತೂತು ಅಲ್ಲಿರೋದು. ಊಜಿ ಮರಿಯೂ ಹಾಗೇ, ಸಗಣಿ ಬದಲು ರೇಷ್ಮೆ ಹುಳು ಅಷ್ಟೇ. ಚರ್ಮ ಕೊರೆದು ಒಳಗೆ ಹೋದಾಗ ಹುಳು ಸುಮ್ಮನಿರಲ್ಲ, ಶತ್ರುವಿನ ಸುತ್ತ ಕಪ್ಪು ಗೋಡೆ ಕಟ್ಟುತ್ತೆ. ಮರಿ ಆ ಗೋಡೆಯನ್ನೇ ಕೊಳವೆ ಮಾಡಿಕೊಂಡು, ಹಿಂಭಾಗ ಅದಕ್ಕೆ ಆನಿಸಿ ಹೊರಗಿನ ಗಾಳಿ ಎಳೀತದೆ. ನೀನು ನೋಡಿದ ಚುಕ್ಕೆ ಅದೇ, ಗಾಯವಲ್ಲ, ಹೊಗೆಗೂಡು! ನನ್ನ ಕೆಲಸದ ದಿನಗಳಲ್ಲಿ ಲೆನ್ಸ್ ಹಿಡಿದು ಅದನ್ನು ಮೊದಲ ಸಲ ನೋಡಿದಾಗ ಆ ದರಿದ್ರ ನೊಣದ ಮೇಲೆ ಸ್ವಲ್ಪ ಗೌರವ ಬಂದಿದ್ದು ಸುಳ್ಳಲ್ಲ.

ರೀಲರ್ ಮಗ: ಗೌರವ ನಿಮಗೆ, ತೂತು ಗೂಡು ನಮಗೆ ಮೇಷ್ಟ್ರೇ. ಊಜಿ ಮರಿ ಹೊರಬಂದು ತೂತು ಬಿದ್ದ ರೇಷ್ಮೆ ಗೂಡಿನ ನೂಲು ಬಿಚ್ಚೋಕೇ ಆಗಲ್ಲ.

ಕಡ್ಡಿಸೊಪ್ಪು: ನೆಲದ ಬಿರುಕಲ್ಲಿ ಕಂದು ಕಾಳಿನಂಥವು ಸಿಕ್ಕವು. ಅದೇನಾ ಸಾರ್?

ಹಳೇ ಮೇಷ್ಟ್ರು: ಅದೇ, ಕೋಶ. ಮರಿ ತನ್ನ ಕೊನೇ ಚರ್ಮವನ್ನೇ ಗಟ್ಟಿ ಮಾಡಿ ಡಬ್ಬಿ ಮಾಡಿಕೊಂಡಿರೋದು. ನೊಣ ಹೊರಬರುವಾಗ ಹಣೆಯಿಂದ ಒಂದು ಚೀಲ ಬಲೂನಿನಂತೆ ಉಬ್ಬಿಸಿ ಮುಚ್ಚಳ ತಳ್ಳುತ್ತೆ, ಆಮೇಲೆ ಚೀಲ ಒಳಕ್ಕೆ. ಮನೆ ನೊಣದ್ದೂ ಇದೇ ಉಪಾಯ. ಹತ್ತು-ಹನ್ನೆರಡು ದಿನದಲ್ಲಿ ಹಾರುತ್ತವೆ. ಈಗಲೇ ಆರಿಸಿ ಸುಟ್ಟುಹಾಕು, ಬಿರುಕಿಗೆ ಸಿಮೆಂಟ್ ಮೆತ್ತು. ಪರದೆ ಹೊಲಿದೆಯೋ ಇಲ್ಲವೋ?

ಕಡ್ಡಿಸೊಪ್ಪು: ಹೊಲಿದಾಯ್ತು ಸಾರ್. ಇಲಿ ಇನ್ನೂ ಸಿಕ್ಕಿಲ್ಲ.