ಟವರಿನ ಸುತ್ತ ಮೂರು ಯಾಗಿ ಆಂಟೆನಾ ಕಟ್ಟಿದರೆ ಎಲ್ಲ ದಿಕ್ಕಿಗೂ ಬಲ ಹೆಚ್ಚುವುದೇ?

ಪ್ರಶ್ನೆ

ಮಾನ್ಯರೇ, ಕುಂಬಳೆಯ ಸಮೀಪ, ಕಡಲಿನಿಂದ ಒಂದು ಕಿಲೋಮೀಟರಿನಷ್ಟು ಒಳಗೆ ನಮ್ಮ ಸಂಘವು ಸಮುದಾಯ ಬಾನುಲಿ ಕೇಂದ್ರವೊಂದನ್ನು ಆರಂಭಿಸುವ ಸಿದ್ಧತೆಯಲ್ಲಿದೆ. 25 ಮೀಟರ್ ಎತ್ತರದ, ಒಂದೊಂದು ಮೈ 45 ಸೆಂಟಿಮೀಟರ್ ಅಗಲವಿರುವ ಮೂರು ಕಾಲಿನ ಟವರ್, 50 ವಾಟ್‌ನ ಟ್ರಾನ್ಸ್‌ಮಿಟರ್ ಮತ್ತು 90.4 ಮೆಗಾಹರ್ಟ್ಸ್ ಎಂದು ಲೆಕ್ಕ ಹಾಕಿಕೊಂಡಿದ್ದೇವೆ. ಮೂರು ಎಲಿಮೆಂಟಿನ (ಮೂರು ಸರಳುಗಳ) ಮೂರು ಯಾಗಿಗಳನ್ನು, ಅಂದರೆ ಶಕ್ತಿಯನ್ನು ಒಂದು ದಿಕ್ಕಿಗೆ ಒಗ್ಗೂಡಿಸುವ ಆಂಟೆನಾಗಳನ್ನು, 120 ಡಿಗ್ರಿ ಅಂತರದಲ್ಲಿ ಲಂಬವಾಗಿ ಕಟ್ಟಿದರೆ, ಒಂದೊಂದಕ್ಕೂ 5 ಡಿಬಿ (ಡೆಸಿಬೆಲ್) ಗೇನ್, ಅಂದರೆ ಎದುರು ದಿಕ್ಕಿಗೆ ಬಲದ ಹೆಚ್ಚಳ, ಇರುವುದರಿಂದ, ಉಪ್ಪಳ, ಮೊಗ್ರಾಲ್, ಸೀತಾಂಗೋಳಿ ಎಲ್ಲ ಕಡೆಗೂ ಅಷ್ಟೇ ಬಲ ಹೆಚ್ಚುತ್ತದೆ ಎಂಬುದು ನಮ್ಮಲ್ಲೊಬ್ಬರ ವಾದ. ಒಂದೇ ಡೈಪೋಲ್ (ಎರಡು ತೋಳಿನ ಸರಳ ಆಂಟೆನಾ) ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಮೊದಲ ಉತ್ತರ

ಎರಡನೆಯವರ ಮಾತೇ ಸರಿ. 50 ವಾಟ್‌ಗಳನ್ನು ಮೂರು ಪಾಲು ಮಾಡಿದರೆ ಒಂದೊಂದು ಯಾಗಿಗೆ ಸಿಗುವುದು 16.7 ವಾಟ್ ಮಾತ್ರ. ಡೈಪೋಲಿಗಿಂತ 5 ಡಿಬಿ ಹೆಚ್ಚೆಂದರೆ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 53 ವಾಟ್. ಶಕ್ತಿಯನ್ನು ಪಾಲು ಮಾಡುವ ಪವರ್ ಡಿವೈಡರಿನಲ್ಲೂ ಹೆಚ್ಚುವರಿ ಕೇಬಲುಗಳಲ್ಲೂ ಆಗುವ ನಷ್ಟವನ್ನು ಕಳೆದರೆ ನೀವು ಬಂದು ನಿಲ್ಲುವುದು ಡೈಪೋಲಿನ ಬಳಿಗೇ. ಸುತ್ತಲೂ ಸಮನಾಗಿ ಬಲ ಹೆಚ್ಚಬೇಕಾದರೆ ಆಕಾಶಕ್ಕೂ ನೆಲಕ್ಕೂ ವ್ಯರ್ಥವಾಗಿ ಹೋಗುವ ಶಕ್ತಿಯನ್ನು ದಿಗಂತದ ಕಡೆಗೆ ತರಬೇಕು. ಅದಕ್ಕೆ ಡೈಪೋಲುಗಳನ್ನು ಒಂದರ ಮೇಲೊಂದು ಕಟ್ಟಬೇಕೇ ಹೊರತು ಟವರಿನ ಸುತ್ತ ಅಲ್ಲ. ಅದರಲ್ಲೂ ಸಮುದಾಯ ಬಾನುಲಿಗೆ ಪರಿಣಾಮಕಾರಿ ವಿಕಿರಣ ಶಕ್ತಿಯ (ಆಂಟೆನಾದ ಗೇನ್ ಸೇರಿಸಿ ಲೆಕ್ಕ ಹಾಕುವ ಶಕ್ತಿಯ) ಮಿತಿ 100 ವಾಟ್ ಆಗಿರುವುದರಿಂದ, ಎರಡು ಡೈಪೋಲುಗಳ ಸಾಲಿನಿಂದ ಬರುವ ಸುಮಾರು 3 ಡಿಬಿಯೇ (ಎರಡು ಪಟ್ಟು) ನಿಮ್ಮನ್ನು ಆ ಮಿತಿಯ ಹತ್ತಿರಕ್ಕೆ ಒಯ್ಯುತ್ತದೆ.

ಎರಡನೆಯ ಉತ್ತರ

ಲೆಕ್ಕ ಸರಿಯೇ, ಆದರೆ ದೊಡ್ಡ ತೊಡಕು ಫೇಸ್‌ನದು, ಅಂದರೆ ಬೇರೆಬೇರೆ ಆಂಟೆನಾಗಳಿಂದ ಬರುವ ಅಲೆಗಳ ಏರಿಳಿತ ಒಂದಕ್ಕೊಂದು ಹೊಂದುವುದರದು. ಎರಡು ಯಾಗಿಗಳ ನಟ್ಟನಡುವಿನ ದಿಕ್ಕಿನಲ್ಲಿ ಒಂದೊಂದರ ಬಲವೂ 6 ಡಿಬಿ ಇಳಿದಿದ್ದರೆ (ಅಲೆಯ ಎತ್ತರ ಅರ್ಧವಾಗಿದ್ದರೆ), ಒಂದೇ ಫೇಸ್‌ನಲ್ಲಿ ಬರುವ ಎರಡೂ ಕೂಡಿ ಎದುರಿನಷ್ಟೇ ಬಲವಾಗುತ್ತದೆ; ಪುಸ್ತಕಗಳಲ್ಲಿ ಕಾಣುವ ಚೆಲುವಾದ ವೃತ್ತ ಇದೇ. ನಟ್ಟನಡುವೆ ಇಲ್ಲದ ದಿಕ್ಕುಗಳಲ್ಲಿ ಎರಡರ ದಾರಿಯ ಉದ್ದ ಬೇರೆಬೇರೆ. 90.4 ಮೆಗಾಹರ್ಟ್ಸ್‌ಗೆ ತರಂಗಾಂತರ 3.32 ಮೀಟರ್. ಆಂಟೆನಾಗಳು ಟವರಿನ ನಡುವಿನಿಂದ 2 ಮೀಟರ್ ಹೊರಗಿದ್ದರೆ, ಒಂದರ ಎದುರಿನಿಂದ 30 ಡಿಗ್ರಿ ಸರಿದಲ್ಲಿ ಪಕ್ಕದ ಆಂಟೆನಾದೊಡನೆ ದಾರಿಯ ವ್ಯತ್ಯಾಸ 1.73 ಮೀಟರ್, ಅಂದರೆ ಅರ್ಧ ತರಂಗಾಂತರಕ್ಕಿಂತ ತುಸು ಹೆಚ್ಚು ಆಗುತ್ತದೆ. ಅಲ್ಲಿ ಒಂದು ಇನ್ನೊಂದನ್ನು ಕುಗ್ಗಿಸುತ್ತದೆ. 1 ಮೀಟರಿನಲ್ಲಿ ಕಟ್ಟಿದರೆ ಆ ವ್ಯತ್ಯಾಸ ಕಾಲು ತರಂಗಾಂತರಕ್ಕೆ ಇಳಿದು, ಬಲ ಕುಗ್ಗುವ ಆ ಹೊಂಡ ಅಷ್ಟು ಆಳವಾಗದು.

ಹಾಗೂ ಕಟ್ಟುವುದಾದರೆ ಡಿವೈಡರಿನಿಂದ ಹೊರಡುವ ಕೇಬಲುಗಳನ್ನು ಒಂದೇ ಸುರುಳಿಯಿಂದ ಒಂದೇ ಉದ್ದಕ್ಕೆ ಕತ್ತರಿಸಿ. ಆರ್‌ಜಿ-213 ಕೇಬಲಿನೊಳಗೆ ತರಂಗಾಂತರ ಸುಮಾರು 2.2 ಮೀಟರಿಗೆ ಕುಗ್ಗುವುದರಿಂದ, 10 ಸೆಂಟಿಮೀಟರಿನ ವ್ಯತ್ಯಾಸಕ್ಕೆ 16 ಡಿಗ್ರಿ ಫೇಸ್ ತಪ್ಪುತ್ತದೆ. ಕೇಬಲಿನ ನಡುತಂತಿ ಮೂರರಲ್ಲೂ ಡೈಪೋಲಿನ ಮೇಲಿನ ತೋಳಿಗೇ ಹೋಗಬೇಕು. ಹಿಂದೊಮ್ಮೆ ನಾನೇ ಒಂದನ್ನು ತಲೆಕೆಳಗು ಮಾಡಿ ಕಟ್ಟಿ, ಟ್ರಾನ್ಸ್‌ಮಿಟರನ್ನು ಎರಡು ದಿನ ಬೈದಿದ್ದೇನೆ. ಆಂಟೆನಾದಿಂದ ಶಕ್ತಿ ಹಿಂದಿರುಗುತ್ತಿದೆಯೇ ಎಂದು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರು ಈ ತಪ್ಪನ್ನು ತೋರಿಸುವುದೇ ಇಲ್ಲ.

ಮೂರನೆಯ ಉತ್ತರ

ಕುಂಬಳೆಯಲ್ಲಿ ಕುಳಿತು ಎಲ್ಲ ದಿಕ್ಕಿಗೂ ಏಕೆ? ಪಡುವಣಕ್ಕೆ ಇರುವುದು ಕಡಲು. ಒಂದು ಲಂಬ ಡೈಪೋಲನ್ನು ಟವರಿನ ಮೂಡಣ ಬದಿಗೆ, ಕಾಲು ತರಂಗಾಂತರ, ಅಂದರೆ 83 ಸೆಂಟಿಮೀಟರ್ ದೂರದಲ್ಲಿ ಕಟ್ಟಿ ನೋಡಿ. ಟವರೇ ಪ್ರತಿಫಲಕವಾಗಿ ಕಡಲಿಗೆ ಹೋಗುವ ಶಕ್ತಿಯ ಒಂದು ಪಾಲನ್ನು ಸೀತಾಂಗೋಳಿ, ಬದಿಯಡ್ಕದ ಕಡೆಗೆ ತಿರುಗಿಸುತ್ತದೆ. ಅದೇ ಡೈಪೋಲನ್ನು ಅರ್ಧ ತರಂಗಾಂತರದಷ್ಟು ದೂರ ಸರಿಸಿದರೆ ಎದುರಿನ ಬಲ ಕುಗ್ಗಿ ಎರಡು ಪಕ್ಕಗಳಿಗೆ, ಅಂದರೆ ಕರಾವಳಿಯುದ್ದಕ್ಕೂ ಉಪ್ಪಳ ಮತ್ತು ಕಾಸರಗೋಡಿನ ಕಡೆಗೆ ಹೆಚ್ಚುತ್ತದೆ. ಕೇಳುಗರು ಎಲ್ಲಿದ್ದಾರೆಂಬುದನ್ನು ಮೊದಲು ನಕ್ಷೆಯಲ್ಲಿ ಗುರುತು ಹಾಕಿಕೊಂಡರೆ ದೂರವನ್ನು ತೀರ್ಮಾನಿಸಬಹುದು. ಗುಡ್ಡೆಯ ಮರೆಯಲ್ಲಿರುವ ತೋಟದ ಮನೆಗಳಿಗೆ ಮಾತ್ರ ಈ ಯಾವ ಜೋಡಣೆಯಿಂದಲೂ ಹೆಚ್ಚು ಪ್ರಯೋಜನವಾಗದು. ಅಲ್ಲಿ ಎತ್ತರವೊಂದೇ ನೆರವಾಗುತ್ತದೆ, ನಿಯಮದಂತೆ 30 ಮೀಟರಿನವರೆಗೆ ಅವಕಾಶವಿದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಯಾಗಿಗಳ ಯೋಚನೆಯನ್ನು ಕೈಬಿಟ್ಟೆವು. ಮೂಡಣ ಬದಿಗೆ ಎರಡು ಡೈಪೋಲುಗಳನ್ನು ಒಂದರ ಮೇಲೊಂದು ಕಟ್ಟಿದರೆ ಎರಡೂ ಲಾಭ ಸಿಗಬಹುದೇ?

ಮೊದಲ ಉತ್ತರ ಬರೆದವರು

ಸಿಗುತ್ತದೆ. ಆದರೆ ಎರಡೂ ಕೂಡಿದಾಗ ಮೂಡಣಕ್ಕೆ 100 ವಾಟ್ ಮೀರಬಹುದಾದ್ದರಿಂದ ಟ್ರಾನ್ಸ್‌ಮಿಟರನ್ನು ತಗ್ಗಿಸಬೇಕಾದೀತು.